ರಾಗಿ ಇಳುವರಿ: ಮಳೆಯ ಜತೆಗೆ ಬಿತ್ತನೆಯ ಲೆಕ್ಕವೂ ಮುಖ್ಯ

ಬೆಂಗಳೂರು: ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ತುಮಕೂರು, ಹಾಸನ, ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯ ಸೇರಿದಂತೆ ದಕ್ಷಿಣ ಒಳನಾಡಿನ ಜಿಲ್ಲೆಗಳಲ್ಲಿ ಇದು ಬಹುಪಾಲು ಮಳೆಯಾಶ್ರಿತ ಬೆಳೆ. ಆದರೂ ಒಂದೇ ಮಳೆ ಬಿದ್ದ ಅಕ್ಕಪಕ್ಕದ ಹೊಲಗಳಲ್ಲಿ ಇಳುವರಿ ಒಂದೇ ಆಗಿರುವುದಿಲ್ಲ. ಮಣ್ಣು, ತಳಿ, ಬಿತ್ತನೆಯ ಕಾಲ ಹಾಗೂ ಪೈರುಗಳ ನಡುವಿನ ಅಂತರ ಇದಕ್ಕೆ ಕಾರಣ.

ಮಣ್ಣು ಮತ್ತು ತೇವಾಂಶ

ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ರಾಗಿಗೆ ಸೂಕ್ತ. ಎಳೆಯ ಪೈರು ಕೆಲದಿನಗಳ ಬರವನ್ನು ತಾಳಿಕೊಳ್ಳಬಲ್ಲದು. ಆದರೆ ತೆಂಡೆ ಒಡೆಯುವಾಗ ಮತ್ತು ಹೂ ಬಿಡುವಾಗ ತೇವಾಂಶ ಕೊರತೆಯಾದರೆ ತೆನೆಗಳ ಸಂಖ್ಯೆ ಇಳಿಯುತ್ತದೆ, ಕಾಳು ಜೊಳ್ಳಾಗುತ್ತದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾದ 2023ರಲ್ಲಿ ರಾಗಿ ಬೆಳೆಗಾರರೂ ಪೆಟ್ಟು ತಿಂದರು. ಅದಕ್ಕೂ ಮುನ್ನ 2021ರ ನವೆಂಬರ್‌ನಲ್ಲಿ ಸುರಿದ ಅಕಾಲಿಕ ಮಳೆಗೆ ಕೊಯ್ಲಿಗೆ ಬಂದಿದ್ದ ತೆನೆ ಹೊಲದಲ್ಲೇ ಮೊಳಕೆಯೊಡೆದಿತ್ತು.

ಎಂಟು-ಹತ್ತು ಸಾಲುಗಳಿಗೊಂದು ಆಳವಾದ ಸಾಲು ತೆಗೆದರೆ ಹರಿದು ಹೋಗುವ ಮಳೆ ನೀರು ಹೊಲದಲ್ಲೇ ಇಂಗುತ್ತದೆ. ರಸಗೊಬ್ಬರದೊಂದಿಗೆ ಕೊಟ್ಟಿಗೆ ಗೊಬ್ಬರವನ್ನೂ ಹಾಕಿದ ತಾಕುಗಳಲ್ಲಿ ಇಳುವರಿ ಸ್ಥಿರವಾಗಿ ಉಳಿಯುತ್ತದೆ ಎಂಬುದನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೀರ್ಘಾವಧಿ ಪ್ರಯೋಗಗಳು ತೋರಿಸಿವೆ.

ತಳಿಗೆ ತಕ್ಕ ಕಾಲ

ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ತಳಿವಿಜ್ಞಾನಿ ಭಾರತ ಹಾಗೂ ಆಫ್ರಿಕಾದ ರಾಗಿಗಳನ್ನು ಸಂಕರಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದ ನಂತರ ರಾಜ್ಯದ ರಾಗಿ ಇಳುವರಿಯ ಚಿತ್ರಣವೇ ಬದಲಾಯಿತು. ಆನಂತರ ಬಂದ ಜಿಪಿಯು-28 ತಳಿ ಬೆಂಕಿ ರೋಗವನ್ನು ತಡೆದುಕೊಳ್ಳುವ ಗುಣದಿಂದ ವ್ಯಾಪಕವಾಗಿ ಹರಡಿತು. ಈ ಶಿಲೀಂಧ್ರ ರೋಗ ತೆನೆಯ ಕತ್ತಿಗೆ ತಗುಲಿದರೆ ಕಾಳು ಕಟ್ಟುವುದೇ ಇಲ್ಲ.

ಆರಿದ್ರಾ, ಪುನರ್ವಸು ಮಳೆಗಳು ಸಕಾಲಕ್ಕೆ ಬಂದರೆ ಎಂಆರ್-1, ಎಂಆರ್-6ರಂತಹ ದೀರ್ಘಾವಧಿ ತಳಿಗಳನ್ನು ಬಿತ್ತಬಹುದು. ಜುಲೈ ಕಳೆದು ಆಗಸ್ಟ್ ಹೊತ್ತಿಗೆ ಜಿಪಿಯು-28ರಂತಹ ಮಧ್ಯಮಾವಧಿ ತಳಿ ಸೂಕ್ತ. ಮಳೆ ಇನ್ನೂ ತಡವಾದರೆ ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುವ ಜಿಪಿಯು-48ರಂತಹ ಅಲ್ಪಾವಧಿ ತಳಿಯೇ ಆಸರೆ. ದೀರ್ಘಾವಧಿ ತಳಿಯನ್ನು ತಡವಾಗಿ ಬಿತ್ತಿದರೆ ಕಾಳು ತುಂಬುವ ವೇಳೆಗೆ ಮಳೆಗಾಲವೇ ಮುಗಿದಿರುತ್ತದೆ.

ಬೀಜ ಹದಗೊಳಿಸುವುದೂ ಪರಿಣಾಮಕಾರಿ. ಬೀಜವನ್ನು ಆರು ಗಂಟೆ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆಯ ಮೊನೆ ಕಾಣಿಸಿದೊಡನೆ ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಪೈರಿಗೆ ಬರ ತಾಳುವ ಶಕ್ತಿ ಹೆಚ್ಚುತ್ತದೆ.

ಅಂತರದ ಮಹತ್ವ

ಕೈಯಲ್ಲಿ ಚೆಲ್ಲಿ ಬಿತ್ತಿದಾಗ ಪೈರು ಒತ್ತೊತ್ತಾಗಿ ಬೆಳೆದು ನೀರು, ಬೆಳಕಿಗಾಗಿ ಪೈಪೋಟಿ ನಡೆಸುತ್ತದೆ. ಕಳೆ ತೆಗೆಯುವುದೂ ಕಷ್ಟ. ಕೂರಿಗೆಯಿಂದ ಸಾಲುಗಳ ನಡುವೆ 30 ಸೆಂಟಿಮೀಟರ್ ಬಿಟ್ಟು ಬಿತ್ತಿದರೆ ಎಕರೆಗೆ ಸುಮಾರು ನಾಲ್ಕು ಕಿಲೋ ಬೀಜ ಸಾಕು. ನಾಟಿಗೆ ಅದರ ಅರ್ಧ.

ಹಾವೇರಿ ಜಿಲ್ಲೆಯ ರೈತರ 'ಗುಳಿ ರಾಗಿ' ಪದ್ಧತಿ ಅಂತರದ ಮಹತ್ವಕ್ಕೆ ಉತ್ತಮ ನಿದರ್ಶನ. ಸುಮಾರು ಒಂದೂವರೆ ಅಡಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಅವು ಕೂಡುವಲ್ಲಿ ಗೊಬ್ಬರ ಹಾಕಿ, ಮೂರು ವಾರದ ಎರಡೆರಡು ಸಸಿ ನೆಡುತ್ತಾರೆ. ಬಳಿಕ ಎತ್ತುಗಳಿಂದ ಹಗುರವಾದ ಕೊರಡನ್ನು ಪೈರಿನ ಮೇಲೆ ಎಳೆಸುತ್ತಾರೆ. ಪೈರು ಬಾಗಿ, ಬುಡದಿಂದ ಹೆಚ್ಚು ತೆಂಡೆಗಳು ಹೊರಡುತ್ತವೆ. ಎಡೆಕುಂಟೆಯನ್ನು ಎರಡೂ ದಿಕ್ಕಿನಲ್ಲಿ ಆಡಿಸಬಹುದಾದ್ದರಿಂದ ಕಳೆಯ ಕಾಟವೂ ತಗ್ಗುತ್ತದೆ. ಆದರೆ ನಾಟಿಗೆ ಬೇಕಾದ ಕೂಲಿಯಾಳು ಹಾಗೂ ಎತ್ತುಗಳ ಕೊರತೆ ಈ ಪದ್ಧತಿಯ ವಿಸ್ತರಣೆಗೆ ತೊಡಕಾಗಿದೆ.

ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ಇನ್ನೊಂದು ರಕ್ಷಣೆ. ಒಂದು ಬೆಳೆ ಕೈಕೊಟ್ಟರೂ ಮತ್ತೊಂದು ಕೈಹಿಡಿಯುತ್ತದೆ. ದ್ವಿದಳ ಬೆಳೆಯಿಂದ ಮಣ್ಣಿಗೆ ಸಾರಜನಕವೂ ಸೇರುತ್ತದೆ.

2025-26ನೇ ಸಾಲಿಗೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿದೆ. ಆ ಲೆಕ್ಕದಲ್ಲಿ ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಬಂದರೆ ರೈತನಿಗೆ 9,772 ರೂಪಾಯಿ ಅಧಿಕ ಆದಾಯ. ಮಳೆ ರೈತನ ಕೈಯಲ್ಲಿಲ್ಲ; ಆದರೆ ತಳಿ, ಕಾಲ ಮತ್ತು ಅಂತರದ ಆಯ್ಕೆ ಅವನದೇ.