ಹತ್ತಾರು ಬಾರಿ ಹಿಂದಿರುಗಿದ ಪ್ರಬಂಧ

ಶಾಲೆಯಲ್ಲಿ ಜೀವಕೋಶದ ಚಿತ್ರ ಬಿಡಿಸಿದವರಿಗೆಲ್ಲ ಮೈಟೊಕಾಂಡ್ರಿಯ ನೆನಪಿರುತ್ತದೆ. ಅವರೆಕಾಳಿನ ಆಕಾರ ಬರೆದು, ಒಳಗೆ ಅಂಕುಡೊಂಕು ಗೆರೆ ಎಳೆದು, ಪಕ್ಕದಲ್ಲಿ ‘ಜೀವಕೋಶದ ಶಕ್ತಿಕೇಂದ್ರ’ ಎಂದು ಬರೆಯುತ್ತಿದ್ದೆವು. ತಿಂದ ಅನ್ನದ ಸತ್ವವನ್ನು ಉಸಿರಾಡಿದ ಆಮ್ಲಜನಕದ ನೆರವಿನಿಂದ ದೇಹ ಬಳಸಬಲ್ಲ ಶಕ್ತಿಯಾಗಿ ಮಾರ್ಪಡಿಸುವುದು ಅದರ ಮುಖ್ಯ ಕೆಲಸ. ಆದರೆ ಈ ಕಣದಂಗ ಜೀವಕೋಶದೊಳಗೆ ಬಂದದ್ದು ಹೇಗೆ?

ಸಸ್ಯಗಳ ಹಸಿರು ಕಣಗಳು ಒಂದು ಕಾಲಕ್ಕೆ ಸ್ವತಂತ್ರ ಸೂಕ್ಷ್ಮಜೀವಿಗಳಾಗಿದ್ದವು ಎಂದು 1905ರಲ್ಲೇ ರಷ್ಯಾದ ಮೆರೆಷ್ಕೋವ್ಸ್ಕಿ ಹೇಳಿದ್ದರು. 1920ರ ದಶಕದಲ್ಲಿ ಅಮೆರಿಕದ ಐವಾನ್ ವಾಲಿನ್ ಮೈಟೊಕಾಂಡ್ರಿಯದ ಬಗ್ಗೆಯೂ ಅದನ್ನೇ ವಾದಿಸಿದರು. ವಿಜ್ಞಾನ ಲೋಕ ಹೆಚ್ಚು ಕಿವಿಗೊಡಲಿಲ್ಲ.

ಆ ವಾದಕ್ಕೆ ಮರುಜೀವ ಕೊಟ್ಟವರು 1938ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಲಿನ್ ಮಾರ್ಗುಲಿಸ್. ಮೊದಲ ಮದುವೆ ಮುರಿದಿತ್ತು, ಇಬ್ಬರು ಪುಟ್ಟ ಗಂಡುಮಕ್ಕಳಿದ್ದರು. ಅಂಥ ದಿನಗಳಲ್ಲಿ ಅವರು ಬರೆದ ಪ್ರಬಂಧವನ್ನು ಸುಮಾರು ಹದಿನೈದು ಪತ್ರಿಕೆಗಳು ತಿರಸ್ಕರಿಸಿದವೆಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ 1967ರಲ್ಲಿ ಅದು ಪ್ರಕಟವಾಯಿತು, ಮೊದಲ ಪತಿಯ ಮನೆತನದ ಹೆಸರಿನೊಂದಿಗೆ, ಲಿನ್ ಸೇಗನ್ ಎಂದು.

ಅವರ ವಾದ ಸರಳ. ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಬ್ಯಾಕ್ಟೀರಿಯಾದಂತೆ ಅದು ಒಂದು ಎರಡಾಗಿ ಒಡೆದು ಹೆಚ್ಚುತ್ತದೆ. ಬಹು ಹಿಂದೆ ಒಂದು ಕೋಶದೊಳಗೆ ಸೇರಿದ ಬ್ಯಾಕ್ಟೀರಿಯಾ ಜೀರ್ಣವಾಗದೆ ಅಲ್ಲೇ ಉಳಿಯಿತು. ಅದಕ್ಕೆ ಆಸರೆ ದೊರೆಯಿತು, ಕೋಶಕ್ಕೆ ಶಕ್ತಿ ದೊರೆಯಿತು. ಹೀಗೆ ಬಂದ ಅತಿಥಿ ಮನೆಯವಳೇ ಆಗಿಬಿಟ್ಟಳು.

1978ರಲ್ಲಿ ಮಾರ್ಗರೆಟ್ ಡೇಹಾಫ್ ಮತ್ತು ರಾಬರ್ಟ್ ಶ್ವಾರ್ಟ್ಜ್ ಅಣುಗಳ ರಚನೆಯನ್ನು ಹೋಲಿಸಿ ಈ ವಾದಕ್ಕೆ ಬಲ ಕೊಟ್ಟರು. 1981ರಲ್ಲಿ ಮಾನವನ ಮೈಟೊಕಾಂಡ್ರಿಯ ಡಿಎನ್‌ಎ ಪೂರ್ತಿಯಾಗಿ ಓದಲಾಯಿತು. ಅದರಲ್ಲಿರುವುದು ಕೇವಲ 37 ಜೀನ್‌ಗಳು. ಉಳಿದವುಗಳಲ್ಲಿ ಹಲವು ಕಾಲಕ್ರಮೇಣ ಕೋಶಕೇಂದ್ರಕ್ಕೆ ಸೇರಿಹೋಗಿವೆ. ಮಾರ್ಗುಲಿಸ್ ಹೇಳಿದ್ದೆಲ್ಲವೂ ನಿಜವಾಗಲಿಲ್ಲ. ಜೀವಕೋಶಗಳ ಚಾವಟಿಯಂಥ ಬಾಲವೂ ಬ್ಯಾಕ್ಟೀರಿಯಾದಿಂದಲೇ ಬಂತೆಂಬ ಅವರ ಮಾತಿಗೆ ಆಧಾರ ಸಿಗಲಿಲ್ಲ. ಆದರೆ ಮೈಟೊಕಾಂಡ್ರಿಯದ ಕಥೆ ಇಂದು ಪಠ್ಯಪುಸ್ತಕದ ಪಾಠ. 1999ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಸಂದಿತು. 2011ರಲ್ಲಿ ಅವರು ತೀರಿಕೊಂಡರು.

ಇನ್ನೊಂದು ವಿಷಯ. ನಮ್ಮ ಮೈಟೊಕಾಂಡ್ರಿಯ ಬರುವುದು ತಾಯಿಯ ಅಂಡಾಣುವಿನಿಂದ. ಮಗನಿಗೂ ಮಗಳಿಗೂ ಅದು ದೊರೆತರೂ ಮುಂದಿನ ಪೀಳಿಗೆಗೆ ದಾಟಿಸುವವಳು ಮಗಳು. ಮದುವೆಯಾದಾಗ ಹೆಣ್ಣಿನ ಮನೆತನದ ಹೆಸರು ಬದಲಾಗಬಹುದು, ವಂಶವೃಕ್ಷದಲ್ಲಿ ಅವಳ ಹೆಸರೇ ಇಲ್ಲದಿರಬಹುದು. ಆದರೂ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಮಗೆ ಬಂದ ಈ ಬಳುವಳಿ ನಮ್ಮ ಒಂದೊಂದು ಉಸಿರಿನಲ್ಲೂ ದುಡಿಯುತ್ತಿದೆ.