ಮೊದಲ ಎಣ್ಣೆ ಯಾರದು: ಐದು ತಾಲ್ಲೂಕುಗಳ ಜಾತ್ರೆಯಲ್ಲಿ ಕಾಣಿಕೆ ಮತ್ತು ಮರ್ಯಾದೆ

ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತದೆ. ಊರೂರುಗಳ ಭಕ್ತರು ಎಣ್ಣೆ ಒಪ್ಪಿಸುತ್ತಾರೆ. ಆದರೆ ಜರಿಮಲೆ ಪಾಳೆಯಗಾರರ ಮನೆತನದ ಎಣ್ಣೆ ಮೊದಲು ಬೀಳಬೇಕು. ಜರಿಮಲೆಗೆ ಈಗ ರಾಜ್ಯವಿಲ್ಲ, ಕಂದಾಯವಿಲ್ಲ. ಆ ಮನೆತನಕ್ಕಿಂತ ಹೆಚ್ಚು ಎಣ್ಣೆ ತರಬಲ್ಲ ವರ್ತಕರಿಗೆ ಈ ಸೀಮೆಯಲ್ಲಿ ಕೊರತೆಯೂ ಇಲ್ಲ. ಆದರೂ ಸರದಿ ಕದಲಿಲ್ಲ. ಹಣ ಹೊಕ್ಕು ಭಕ್ತಿ ಕೆಟ್ಟಿತು ಎಂಬ ಮಾತು ಜಾತ್ರೆಗಳ ಬಗ್ಗೆ ಸಲೀಸಾಗಿ ಬರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. ಇಲ್ಲಿ ಹಣ ಯಾವತ್ತೂ ದೇವರ ಹತ್ತಿರವೇ ಇತ್ತು. ಕೇಳಬೇಕಾದದ್ದು, ಆ ಹಣಕ್ಕೆ ಮುಂದಿನ ಸಾಲು ಸಿಗುತ್ತಿತ್ತೇ ಎಂದು.

ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ದಾವಣಗೆರೆಯಿಂದಲೂ ಸುತ್ತಲ ತಾಲ್ಲೂಕುಗಳಿಂದಲೂ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ಹುಂಡಿ ತುಂಬುತ್ತದೆ, ದಾಸೋಹ ನಡೆಯುತ್ತದೆ. ತೇರು ಎಳೆಯುವ ಮುನ್ನ ಸ್ವಾಮಿಯ ಪಲ್ಲಕ್ಕಿಗೆ ಆರತಿ ಬೆಳಗುವ ಹಕ್ಕು ಮಾತ್ರ ಪರಂಪರೆಯಿಂದ ದಲಿತ ಮಹಿಳೆಯದು. ಮೈಲಾರದಲ್ಲೂ ಹೀಗೆಯೇ. ದಿನಗಟ್ಟಲೆ ಉಪವಾಸವಿದ್ದು ಬಿಲ್ಲನ್ನೇರಿ ಕಾರ್ಣಿಕವೆಂಬ ಒಂದು ಸಾಲಿನ ಭವಿಷ್ಯವಾಣಿ ನುಡಿಯುವವನು ಮೈಲಾರಲಿಂಗನ ಭಕ್ತನಾದ ಗೊರವಯ್ಯ. ಮಳೆ ಬೆಳೆಗೂ ರಾಜಕೀಯಕ್ಕೂ ಅರ್ಥ ಹಚ್ಚಲು ರೈತರಿಂದ ಹಿಡಿದು ಮಂತ್ರಿಗಳವರೆಗೆ ಆ ಒಂದು ಸಾಲಿಗೆ ಕಿವಿಗೊಡುತ್ತಾರೆ. ಕಾರ್ಣಿಕದ ವೇಳೆ ಹೆಲಿಕಾಪ್ಟರ್ ಹಾರಿಸಿದ್ದು ಅಪಚಾರವೆಂಬ ಮಾತು ಹಬ್ಬಿದ್ದಕ್ಕೆ ಕಾಂಗ್ರೆಸ್ ನಾಯಕ ಡಿ.ಕೆ. ಶಿವಕುಮಾರ್ ಆಮೇಲೆ ಬೆಳ್ಳಿಯ ಹೆಲಿಕಾಪ್ಟರನ್ನೇ ಮೈಲಾರಲಿಂಗನಿಗೆ ಒಪ್ಪಿಸಿದರು. ಬೆಳ್ಳಿ ತಪ್ಪುಕಾಣಿಕೆಯಾಗಿ ಸಂದಿತು. ಅದರಿಂದ ಬಿಲ್ಲು ಏರುವ ಹಕ್ಕು ಯಾರಿಗೂ ಬರುವುದಿಲ್ಲ.

ಮದ್ರಾಸಿನ ತಿರುವಲ್ಲಿಕ್ಕೇಣಿಯ ದೇವಾಲಯವನ್ನು ಅಧ್ಯಯನ ಮಾಡಿದ ಅರ್ಜುನ್ ಅಪ್ಪಾದುರೈ, ದೇವರಿಗೆ ಕೊಟ್ಟದ್ದು ಮರ್ಯಾದೆಯಾಗಿ ಹಂಚಿಕೆಯಾಗುವ ಬಗೆಯನ್ನು ವಿವರಿಸಿದ್ದಾರೆ. ನಮ್ಮ ಸೀಮೆಗೂ ಅದು ಸಲ್ಲುತ್ತದೆ, ಕಾನೂನಿನ ಮಟ್ಟಿಗಂತೂ ನೇರವಾಗಿ. 1953ರ ಅಕ್ಟೋಬರ್ 1ರಂದು ಈ ಪ್ರದೇಶ ಮೈಸೂರಿಗೆ ಸೇರಿದರೂ 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆ ಬಳ್ಳಾರಿ ಸೀಮೆಯನ್ನು ಬಿಡಲಿಲ್ಲ. ಕರ್ನಾಟಕದ 1997ರ ಕಾಯ್ದೆ 2003ರಲ್ಲಿ ಜಾರಿಗೆ ಬರುವವರೆಗೂ ಅದು ಉಳಿಯಿತು. ರೂಢಿಯಿಂದ ಬಂದ ಮರ್ಯಾದೆ ಯಾರಿಗೆ ಸಲ್ಲಬೇಕೆಂಬ ವ್ಯಾಜ್ಯವನ್ನು ಅಧಿಕಾರಿಯೇ ತೀರ್ಮಾನಿಸಬಹುದೆಂದು ಆ ಮದ್ರಾಸ್ ಕಾಯ್ದೆ ಹೇಳುತ್ತಿತ್ತು. ಅಂದರೆ ಸರ್ಕಾರದ ಕಣ್ಣಿಗೂ ಮರ್ಯಾದೆ ಹಕ್ಕಾಗಿತ್ತು, ಸರಕಾಗಿರಲಿಲ್ಲ.

ಮುಂದಿನ ಸಾಲು ಹಣಕ್ಕೇ ಸಿಗುವ ಅಮೆರಿಕದ ಕಾಲೇಜು ಫುಟ್‌ಬಾಲನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ. ಕ್ಯಾಥೊಲಿಕರ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯದ ಗೋಡೆಯ ಚಿತ್ರದಲ್ಲಿ ಕೈಯೆತ್ತಿ ನಿಂತ ಕ್ರಿಸ್ತ ಕ್ರೀಡಾಂಗಣಕ್ಕೆ ಕಾಣುತ್ತಾನೆ. ಅಭಿಮಾನಿಗಳ ನಿಷ್ಠೆಯೂ ಅಲ್ಲಿ ಭಕ್ತಿಗೆ ಕಡಿಮೆಯದಲ್ಲ. ಆದರೆ ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಳ್ಳೆಯ ಆಸನ ಬೇಕೆಂದರೆ ಕ್ರೀಡಾ ನಿಧಿಗೆ ದೇಣಿಗೆ ಕೊಡಬೇಕು. ಅಂಥ ದೇಣಿಗೆಯ ಶೇ 80ರಷ್ಟನ್ನು ದಾನವೆಂದೇ ಎಣಿಸಿ ತೆರಿಗೆ ವಿನಾಯಿತಿ ಕೊಡುವ ನಿಯಮ 1988ರಲ್ಲಿ ಬಂದು 2017ರಲ್ಲಿ ರದ್ದಾಯಿತು. ದಾನ ಮತ್ತು ಖರೀದಿಯ ನಡುವಿನ ಗೆರೆಯನ್ನು ಅಲ್ಲಿ ಕಾನೂನೇ ಅಳಿಸಿತ್ತು.

ಪಾಳೆಯಗಾರಿಕೆಯ ಪಳೆಯುಳಿಕೆಯನ್ನು ಹೊಗಳಿದಂತಾಯಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಹುಟ್ಟಿನಿಂದ ಬಂದ ಮೊದಲ ಸ್ಥಾನ ಹಣದಿಂದ ಬಂದದ್ದಕ್ಕಿಂತ ನ್ಯಾಯವಾದದ್ದೇನಲ್ಲ. ಕೊಟ್ಟೂರಿನ ಆರತಿಯೂ ವರ್ಷದ ಒಂದು ಗಳಿಗೆಯ ಗೌರವ. ಆ ಹಕ್ಕಿನಿಂದ ಹುಂಡಿಯ ಲೆಕ್ಕದಲ್ಲಿ ಪಾಲು ಬರುವುದಿಲ್ಲ. ನನ್ನ ವಾದ ನ್ಯಾಯದ್ದಲ್ಲ, ಹಣದ ಮಿತಿಯದ್ದು. ಇನ್ನೊಂದು ಆಕ್ಷೇಪ ಹೆಚ್ಚು ಬಿಗಿಯಾದದ್ದು: ನೆರೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುತ್ತದೆ, ಅದನ್ನು ರಾಜಕಾರಣಿಗಳೇ ಕೂಗಿ ಪಡೆದದ್ದುಂಟು. ಇದು ಮರ್ಯಾದೆಯ ಮಾರಾಟವೇ, ಅಲ್ಲವೆನ್ನಲು ಬರುವುದಿಲ್ಲ. ನನ್ನ ಊಹೆಯಲ್ಲಿ, ಹರಾಜು ಸುಲಭವಾಗಿ ನೆಲೆಯೂರುವುದು ವಂಶಪಾರಂಪರ್ಯ ಹಕ್ಕುಳ್ಳ ಬಾಬುದಾರರ ಹಿಡಿತವಿಲ್ಲದ ಕಡೆ. ಉಜ್ಜಿನಿಯ ಮೊದಲ ಎಣ್ಣೆ ಹರಾಜಿಗೆ ಬರಬೇಕಾದರೆ ಜರಿಮಲೆಯವರನ್ನು ಮೊದಲು ಸರದಿಯಿಂದ ಇಳಿಸಬೇಕು, ಅದಕ್ಕೆ ಊರು ಒಪ್ಪಬೇಕು.