ಆಟಕ್ಕುಂಟು, ಲೆಕ್ಕಕ್ಕಿಲ್ಲ

ರಾಜರು ಏನು ಆಡ್ತಿದ್ರು ಅಂತ ಕೇಳಿದ್ರೆ ಪುಸ್ತಕದಲ್ಲಿ ಉತ್ತರ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ 100 ಅಧ್ಯಾಯಗಳಲ್ಲಿ ವಿನೋದ, ಕ್ರೀಡೆಗಳಿಗೇ ಎರಡು ಭಾಗ ಮೀಸಲು. ಕುಸ್ತಿ, ಬೇಟೆ, ಕುದುರೆಯ ಮೇಲಿನ ಚೆಂಡಾಟ, ಎಲ್ಲ ಅಲ್ಲಿವೆ. ನಮ್ಮ ನಿಡಗುಂದಿ ಸೀಮೆಯ ನಾಲ್ಕು ವರ್ಷದ ಕೂಸು ಏನು ಆಡುತ್ತಿತ್ತು? ಅದಕ್ಕೆ ಗ್ರಂಥ ಹುಡುಕಬ್ಯಾಡ್ರಿ, ಹಬ್ಬ ನೋಡ್ರಿ.

ಮಣ್ಣೆತ್ತಿನ ಅಮಾವಾಸ್ಯೆಯನ್ನೇ ತಗೊಳ್ಳಿ. ಎರೆಮಣ್ಣು ತಂದು, ನೀರು ಹಾಕಿ ಮಿದ್ದು, ಕೋಡು ತೀಡಿ ಎತ್ತು ಮಾಡೋದರಲ್ಲೇ ಬೆರಳು, ಮುಂಗೈ ಗಟ್ಟಿಯಾಗುತ್ತಿದ್ದವು. ಮರುದಿನ ಹುಡುಗರ ದಂಡು ಜೋಳ ಕೇಳಲು ಮನೆಮನೆಗೆ ಹೊರಡುತ್ತಿತ್ತು. ಅದರಲ್ಲೊಬ್ಬ ಗೆಜ್ಜೆ ಕಟ್ಟಿಕೊಂಡು ಕುಂಟೆತ್ತಾಗಿ ಕುಂಟಬೇಕು. ಒಂದು ಓಣಿ ಪೂರ್ತಿ ಕುಂಟಿ ಬಂದವನಿಗೆ ಬೇರೆ ಕಸರತ್ತು ಯಾಕೆ ಬೇಕು? ಪಂಚಮಿಗೆ ಜೋಕಾಲಿ. ಕೊಬ್ಬರಿ ಬಟ್ಟಲಿಗೆ ತೂತು ಹಾಕಿ, ದಾರ ಪೋಣಿಸಿ, ಎಳೆದು ಬಿಟ್ಟು ಗರಗರ ತಿರುಗಿಸೋದು. ಆಡಿ ದಣಿದ ಮೇಲೆ ಆ ಆಟಿಗೆಯನ್ನೇ ತಿನ್ನೋದು!

ದೊಡ್ಡ ಹುಡುಗರ ಚಿಣಿಪಣಿ, ಲಗೋರಿ, ಹುತುತು ಆಟದಲ್ಲಿ ಸಣ್ಣವರಿಗೂ ಜಾಗ ಇತ್ತು. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅನ್ನೋ ಮಾತನ್ನು ಇವತ್ತು ಬೈಗುಳದ ಹಾಗೆ ಬಳಸುತ್ತೇವೆ. ಓಣಿಯಲ್ಲಿ ಅದೊಂದು ಕಾನೂನು. ಚಿಕ್ಕದು ಓಡಲಿ, ಬೀಳಲಿ, ಕೂಗಲಿ. ಔಟ್ ಮಾತ್ರ ಮಾಡೋ ಹಾಗಿಲ್ಲ. ಸೋಲಿನ ಭಯವಿಲ್ಲದೆ ಮಗು ಆಟ ಕಲಿಯೋಕೆ ಇದಕ್ಕಿಂತ ಒಳ್ಳೆ ಉಪಾಯ ಯಾವ ತಜ್ಞರೂ ಹೇಳಿಲ್ಲ.

ಲೆಕ್ಕ ಬಂದದ್ದು ಆಮೇಲೆ. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತದಲ್ಲಿತ್ತು. ಆ ಪ್ರಾಂತದ ಪುಣೆಯಲ್ಲೇ 1914ರಲ್ಲಿ ಡೆಕ್ಕನ್ ಜಿಮಖಾನಾ ಖೋಖೋಗೆ ನಿಯಮ ಬರೆಯಲು ಹೊರಟಿತು. ಹುತುತು ಕಬಡ್ಡಿಯಾಯಿತು, 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅಮರಾವತಿಯ ಹುಡುಗರು ಅದನ್ನು ಅಲ್ಲಿ ಆಡಿ ತೋರಿಸಿದರು. ಹೆಮ್ಮೆಯ ಮಾತೇ. ಆದರೆ ಇಷ್ಟೇ ಮಂದಿ, ಇಷ್ಟೇ ನಿಮಿಷ, ಇಷ್ಟೇ ಅಂಗಳ ಅಂತಾದಾಗ ಲೆಕ್ಕಕ್ಕಿಲ್ಲದವರು ಗೆರೆಯ ಹೊರಗೆ ಉಳಿದರು. ಶಾಲೆಯ ಪಿ.ಟಿ. ಪೀರಿಯಡ್ಡಿಗೂ ಅವರ ವಯಸ್ಸು ಸಾಲದು.

ಅವರನ್ನು ಮತ್ತೆ ನೆನೆಸಿಕೊಂಡವರು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಶುರುಮಾಡಿದ ಅವರು, ಮಕ್ಕಳು ಬಾಲವಾಡಿಗೆ ಬರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಅಂದರು. ‘ಅಂಗನವಾಡಿ’ಯ ಹುಟ್ಟು ಅದು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಟಿ. ನರಸೀಪುರ. ಈಗ ಹಳ್ಳಿಹಳ್ಳಿಯಲ್ಲೂ ಅಂಗನವಾಡಿ ಇದೆ. ಹೆಸರಿನಲ್ಲಿ ಅಂಗಳವೂ ಇದೆ. ಆದರೆ ಮಗುವನ್ನು ಬಿಟ್ಟುಹೋಗುವ ತಂದೆತಾಯಿ ಕೇಳೋದು ಒಂದೇ: “ಟೀಚರ್, ಅ ಆ ಇ ಈ ಯಾವಾಗ ಬರಸ್ತೀರಿ?”

ನಿಡಗುಂದಿಯ ಸುತ್ತಲಂತೂ ನೆಲವೇ ಬದಲಾಗಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಕೃಷ್ಣೆ ನಿಂತಳು, ಹೊಲಕ್ಕೆ ನೀರು ಬಂತು. ಎಷ್ಟೋ ಊರುಗಳು ತಮ್ಮ ಅಗಸಿ, ಕಟ್ಟೆ, ಹುಣಸೆಮರ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದವು. ಮನೆಗೆ ಪರಿಹಾರ ಸಿಕ್ಕಿತು, ಹೊಲಕ್ಕೂ ಸಿಕ್ಕಿತು. ಮರಕೋತಿ ಆಡುತ್ತಿದ್ದ ಮರದ ನೆರಳಿಗೆ ಯಾವ ಸರ್ವೆ ನಂಬರು? ಅತ್ತ ಸೊಲ್ಲಾಪುರದ ಹೆದ್ದಾರಿ ನಾಲ್ಕು ಪಥವಾಯಿತು. ಮಗುವನ್ನು ಬೀದಿಗೆ ಬಿಡಲು ತಾಯಿ ಹೆದರಿದರೆ ತಪ್ಪೇನೂ ಇಲ್ಲ. ಕೈಗೆ ಮೊಬೈಲು ಬಂದದ್ದು ಹೀಗೇ.

ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಬೆವರು ಬರುವಂತೆ ಓಡಿ ಕುಣಿಯಬೇಕು, ಪರದೆ ಮುಂದೆ ಒಂದು ತಾಸಿಗಿಂತ ಹೆಚ್ಚು ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ಅಜ್ಜಿಯರು ಕೇಳಿದ್ದರೆ ನಗುತ್ತಿದ್ದರು. ಅವರಿಗೆ ಮೂರು ತಾಸು ಆಡಿಸೋ ಚಿಂತೆ ಇರಲಿಲ್ಲ, ಕತ್ತಲಾದ ಮೇಲೆ ಒಳಗೆ ಕರೆಯೋದೇ ಚಿಂತೆ.

ಮಾಡಬೇಕಾದ್ದು ದೊಡ್ಡದೇನಲ್ಲ. ಸೀಮೆಸುಣ್ಣದಲ್ಲಿ ಎಂಟು ಮನೆ ಬರೆದರೆ ಕುಂಟಾಟ, ನಾಲ್ಕು ಹಂಚಿನ ಚೂರಿದ್ದರೆ ಲಗೋರಿ, ಹಳೇ ಸೀರೆ, ಗಟ್ಟಿ ತೊಲೆ ಇದ್ದರೆ ಜೋಕಾಲಿ. ಹೊಸ ಬಡಾವಣೆಯ ನಕ್ಷೆ ಬರೆಯುವಾಗ ಗುಡಿ, ಅಂಗಡಿ, ಪಾರ್ಕಿಂಗ್ ಎಲ್ಲದಕ್ಕೂ ಜಾಗ ಬಿಡ್ತೀವಲ್ರೀ, ಈ ಚಿಕ್ಕವರನ್ನೂ ಒಮ್ಮೆ ಲೆಕ್ಕಕ್ಕೆ ಹಿಡಿಯೋಣ.